ಕಲ್ಲುಸಾಲದು

ಅಪ್ಪನ ಅಳತೆ ಪುಸ್ತಕದ ನಲವತ್ತೊಂದನೇ ಹಾಳೆಯಲ್ಲಿ
ಪೆನ್ಸಿಲಿನ ಒಂದೇ ಮಾತು: ಕಲ್ಲುಸಾಲದು.
ಕೆಳಗೆ ಚುಕ್ಕಿಗಳು, ಕೋಳಿ ಕುಕ್ಕುತ್ತ ಹೋದ ಹಾಗೆ,
ಒಂದನ್ನು ಮಾತ್ರ ಉಗುಳು ಹಚ್ಚಿ ಒರೆಸಿದ್ದಾನೆ.
ಹಗರಿ ಹೊಳೆಗೆ ಒಂದು ವಂಕಿ ಗೆರೆ.
ಊರಿನ ಹೆಸರಿಲ್ಲ. ಸರ್ವೆ ನಂಬರು ಇರಬೇಕಾದಲ್ಲಿ
ಬೀಡಿ ಸುಟ್ಟ ತೂತು.

ರಾಯದುರ್ಗದ ಕನ್ನಡ ಶಾಲೆಯಲ್ಲಿ
ಇಪ್ಪತ್ತಾರು ವರ್ಷ ಲೋಪಸಂಧಿ ಹೇಳಿಕೊಟ್ಟವಳು ನಾನು.
ಕಲ್ಲುಸಾಲು, ಅದು. ಉಕಾರ ಲೋಪ.
ಎಂಟನೇ ತರಗತಿಯಲ್ಲಿ ಈಗ ಏಳೇ ಮಕ್ಕಳು,
ಅವರೂ ಬಿಡಿಸುತ್ತಿದ್ದರು.

ಕಲ್ಲಿನ ಸಾಲು. ನಿಲ್ಲಿಸಿದವರ ಹೆಸರಿಲ್ಲದ್ದು,
ರಾಜರ ಶಾಸನಕ್ಕಿಂತ ಹಿಂದಿನದು.
ಫೋನಿನಲ್ಲಿ ಆಕಾಶದಿಂದಿಳಿದು ಬೊಮ್ಮನಹಾಳಿನ ಸುತ್ತ ನೋಡಿದೆ:
ಮರಳು, ಬಳ್ಳಾರಿ ಜಾಲಿ, ಮತ್ತೆ ಮರಳು,
ದೊಡ್ಡದು ಮಾಡಿದಷ್ಟೂ ಮಸುಕು.

ಕೊನೆಗೆ ಬಸ್ಸಿಳಿದು ಕುರಿಗಳನ್ನು ಹಿಂಬಾಲಿಸಿದೆ.
"ಕಲ್ಲು ಹುಡುಕ್ಕೊಂಡು ಬರೋರು ಕ್ರಷರ್‌ನೋರು," ಅಂದ ವನ್ನೂರಪ್ಪ,
"ನೀವು ಯಾರ ಪೈಕಿ?"
ಚೈನ್‌ಮನ್ ಸುಂಕಪ್ಪನ ಮಗಳು ಅಂದೆ.
ಅವನಿಗೆ ಅದೇನೂ ಆಗಲಿಲ್ಲ. ಕೋಲು ಮುಂದೆ ಮಾಡಿ ನಡೆದ.

ಇಲ್ಲಿ ಮರಳು ಆಷಾಢಕ್ಕೊಮ್ಮೆ ಖಾತೆ ಬದಲಾಯಿಸುತ್ತದೆ.
ಹೋದ ವರ್ಷದ ದಿಬ್ಬ ಈ ವರ್ಷ ಯಾರದೋ ಶೇಂಗಾ ಹೊಲದ ಮೇಲೆ.
ಹತ್ತು ಗಂಟೆಗೆ ಚಪ್ಪಲಿ ಕೈಗೆ, ಹನ್ನೊಂದಕ್ಕೆ ಮತ್ತೆ ಕಾಲಿಗೆ.
ಎಕ್ಕದ ಗಿಡ, ಹಾವಿನ ಪೊರೆ, ಸೋಡಾ ಬಾಟಲಿಯ ಗೋಲಿ.
ಸಾಲು ಎಲ್ಲೂ ಇಲ್ಲ.
ಜಾಲಿಯ ಅರೆನೆರಳಲ್ಲಿ ಒಂದು ಕಲ್ಲಿನ ಮೇಲೆ ಕೂತು
ಒಗ್ಗರಣೆ ಮಂಡಕ್ಕಿ ತಿಂದೆ, ಮೆಣಸಿನಕಾಯಿ ಅವನಿಗೆ ಕೊಟ್ಟೆ.
ನೀರು ಮುಗಿಯಿತು. ಐದರ ಬಸ್ಸು ತಪ್ಪಿತು.

ಆಮೇಲೆ ಬಿಸಿಲು ಬಳ್ಳಾರಿ ಕಡೆಗೆ ಇಳಿದು
ನೆಲಕ್ಕೆ ಕೆನ್ನೆ ಇಟ್ಟಾಗ
ನಾನು ಕೂತ ಕಲ್ಲು ಒಂದು ನೆರಳು ಬಿಟ್ಟಿತು, ಒಂದು ಮಾರುದ್ದ.
ಅದರಾಚೆ ಇನ್ನೊಂದು. ಇನ್ನೊಂದು.
ಮೊಣಕಾಲೆತ್ತರದವು, ಗೇಣೆತ್ತರದವು,
ನೆತ್ತಿ ಮಾತ್ರ ಉಳಿದವು,
ಒಂದೇ ಗುರಿಗೆ ಮಲಗಿದ ನೆರಳುಗಳು
ದಿಬ್ಬದಿಂದ ದಿಬ್ಬಕ್ಕೆ.
ಬೆಳಿಗ್ಗೆಯಿಂದ ನಾವು ಅದರೊಳಗೇ ಓಡಾಡಿದ್ದೆವು.
ನನ್ನ ಬೆರಳಿನ ಎಣ್ಣೆ ಇನ್ನೂ ಹಸಿಯಾಗಿತ್ತು ಅದರ ಮೇಲೆ.

ಎಣಿಸುತ್ತ ಹೋದೆ. ಹದಿನೇಳನೆಯದು ನಿಲ್ಲಿಸಿತು:
ಸುಣ್ಣದ ಕಲೆ, ಉಳಿಯಲ್ಲಿ ಕೊರೆದ ಬಾಣ, ಒಂದು ಅಂಕಿ.
"ಅದು ಸರ್ಕಾರದ್ದು ಅಮ್ಮಾ. ಈ ಕಡೆ ನಾವು, ಆ ಕಡೆ ಕರ್ನಾಟಕ.
ರಾಜ್ಯ ಒಡೆದಾಗ ಗಡಿಕಲ್ಲು ತುಂಬಿದ ಗಾಡಿ
ಹಗರೀಲಿ ಅಚ್ಚು ಮುರ್ಕೊಂಡು ಕೂತಿತ್ತಂತೆ.
ಸಾಹೇಬ್ರು ಬಂಗಲೇಲಿ. ಒಬ್ಬ ಹುಡುಗ ಇಲ್ಲಿ,
ಹೆಗಲ ಮೇಲೆ ಸರಪಳಿ ಹಾಕ್ಕೊಂಡು.
ನಮ್ಮ ತಾತ ಅವನಿಗೆ ಮಜ್ಜಿಗೆ ಕೊಟ್ಟಿದ್ದ."

ಕಲ್ಲು ಸಾಲದು.

ಸಂಧಿಯೇ ಇರಲಿಲ್ಲ ಅಲ್ಲಿ.
ಲೆಕ್ಕಕ್ಕೆ ಒಂದು ಕಲ್ಲು ಕಡಿಮೆ ಬಿದ್ದಿತ್ತು, ಅಷ್ಟೆ;
ಇಪ್ಪತ್ತರ ಹುಡುಗ ಸುತ್ತ ನೋಡಿದ್ದಾನೆ,
ಸಾವಿರಾರು ವರ್ಷ ಯಾರನ್ನೋ ಕಾದು ನಿಂತದ್ದರಲ್ಲಿ
ಒಂದನ್ನು ಕೆಲಸಕ್ಕೆ ಕರೆದುಕೊಂಡಿದ್ದಾನೆ.
ಎರಡು ರಾಜ್ಯಗಳ ನಡುವಿನ ಗೆರೆ ಇಲ್ಲಿ
ಎಂಟು ಮಾರು ಪೂರ್ವಕ್ಕೆ ಕೊಂಕಿದೆ,
ಅಪ್ಪನ ದಣಿದ ಹೆಗಲಿಗೆ.

ಆದರೂ ರಾತ್ರಿ ಲಾಂದ್ರದ ಮುಂದೆ ಕೂತು
ಉಳಿದವನ್ನೆಲ್ಲ ಚುಕ್ಕಿ ಚುಕ್ಕಿಯಾಗಿ ಯಾಕೆ ಇಟ್ಟ?
ಅದನ್ನು ಯಾವ ಸಾಹೇಬನೂ ಕೇಳಿರಲಿಲ್ಲ.

ಕತ್ತಲಾಗುತ್ತ ನೆರಳುಗಳು ಒಂದೊಂದೇ ಕಲ್ಲಿಗೆ ಮರಳಿದವು,
ಸಾಲು ಮತ್ತೆ ಬರೀ ಮರಳಾಯಿತು.
ಕುರಿಗಳು ಗಡಿಯಾಚೆ ಹೋಗಿದ್ದವು,
ವನ್ನೂರಪ್ಪ ತೆಲುಗಿನಲ್ಲಿ ಬೈದು ಕನ್ನಡದಲ್ಲಿ ಕರೆದ.
ನಾನು ಫೋನಿನ ಬೆಳಕಲ್ಲಿ ಹಾಳೆ ತೆರೆದು
ಉಗುಳಿನ ಕಲೆಯ ಮೇಲೆ ಪೆನ್ಸಿಲಿಟ್ಟೆ,
ಒತ್ತಲಿಲ್ಲ.